ವಿದೇಶದಲ್ಲಿ ಕೂತು ರಿಮೋಟ್ ಕೆಲಸ: ಯಾವ ದೇಶ ಅನ್ನುವ ಮುಂಚೆ ಯಾವ ಬದುಕು?

ರಿಮೋಟ್ ಕೆಲಸ ಸಿಕ್ಕವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ. ಪೋರ್ಚುಗಲ್‌ಗೆ ಹೋಗಲಾ, ಥಾಯ್ಲೆಂಡ್‌ಗೆ ಹೋಗಲಾ, ಇಲ್ಲ ಬಾಲಿಗಾ? ಸ್ವಲ್ಪ ಹೊತ್ತು ಮಾತಾಡಿದರೆ ಆ ಪ್ರಶ್ನೆಯ ಹಿಂದಿನ ಆಸೆ ಹೊರಗೆ ಬರುತ್ತದೆ. ದೊಡ್ಡ ಮನೆಯ ಕಂತು, ಕಾರಿನ ಕಂತು, ದಿನಾ ಟ್ರಾಫಿಕ್ಕು, ತಿಂಗಳ ಕೊನೆಗೆ ಖಾಲಿ ಖಾತೆ, ಇವೆಲ್ಲ ಸಾಕಾಗಿದೆ. ಕಡಿಮೆ ಸಾಮಾನು, ಕಡಿಮೆ ಖರ್ಚು, ಜಾಸ್ತಿ ಸಮಯ ಇರುವ ಬದುಕು ಬೇಕಾಗಿದೆ.

ಆಸೆ ನ್ಯಾಯವಾದದ್ದೇ. ಆದರೆ ದೇಶ ಬದಲಾದ ಮಾತ್ರಕ್ಕೆ ಬದುಕು ಹಗುರವಾಗುವುದಿಲ್ಲ. ವೀಸಾ ದಿನಾಂಕ, ಎರಡು ದೇಶದ ತೆರಿಗೆ, ರಾತ್ರಿ ಎರಡು ಗಂಟೆಯ ಮೀಟಿಂಗು, ಮೂರು ತಿಂಗಳಿಗೊಮ್ಮೆ ಮನೆ ಹುಡುಕಾಟ ಸೇರಿಕೊಂಡರೆ ಬಿಟ್ಟು ಬಂದ ಬದುಕೇ ವಾಸಿ ಅನ್ನಿಸಬಹುದು. ಅದಕ್ಕೇ ಇಲ್ಲಿ ಬರೀ ದೇಶಗಳನ್ನು ಹೋಲಿಸದೆ ಬದುಕುವ ನಾಲ್ಕು ರೀತಿಗಳನ್ನು ಹೋಲಿಸುತ್ತೇನೆ. ಒಂದು, ಯುರೋಪಿನಲ್ಲಿ ವಾಸದ ಪರವಾನಗಿ ಪಡೆದು ನೆಲೆಸುವುದು. ಎರಡು, ಆಗ್ನೇಯ ಏಷ್ಯಾದಲ್ಲಿ ನೆಲೆ ಮಾಡಿಕೊಳ್ಳುವುದು. ಮೂರು, ಕೆಲವು ತಿಂಗಳಿಗೊಂದು ಊರಿನಂತೆ ಸುತ್ತುತ್ತಾ ಇರುವುದು. ನಾಲ್ಕು, ಹಳ್ಳಿ ಅಥವಾ ತೋಟದ ಬದುಕು.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮೊದಲು ಅನುಮತಿ. ಅನುಮತಿ ಎರಡು ಕಡೆಯಿಂದ ಬೇಕು, ದೇಶದಿಂದ ಮತ್ತು ಕಂಪನಿಯಿಂದ. ಪ್ರವಾಸಿ ವೀಸಾದಲ್ಲಿ ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡುವವರು ಬಹಳ ಜನ ಇದ್ದಾರೆ, ಯಾರೂ ಕೇಳುವುದಿಲ್ಲ ಅನ್ನುವುದೂ ಬಹಳ ಸಲ ನಿಜ. ಆದರೂ ಎಷ್ಟೋ ದೇಶಗಳ ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲ, ಅಥವಾ ಸ್ಪಷ್ಟ ಉತ್ತರವಿಲ್ಲ. ಈ ಗೊಂದಲ ನೀಗಿಸಲೆಂದೇ 2020ರಿಂದ ಈಚೆಗೆ ಪ್ರತ್ಯೇಕ ವೀಸಾಗಳು ಬಂದವು. ಆ ವರ್ಷದ ಜುಲೈನಲ್ಲಿ ಬಾರ್ಬಡೋಸ್ 12 ತಿಂಗಳ ವೆಲ್ಕಮ್ ಸ್ಟ್ಯಾಂಪ್ ತಂದಿತು, ಆಗಸ್ಟ್‌ನಲ್ಲಿ ಎಸ್ಟೋನಿಯಾ ಡಿಜಿಟಲ್ ನೋಮ್ಯಾಡ್ (ಲ್ಯಾಪ್‌ಟಾಪ್ ಹಿಡಿದು ಬೇರೆ ದೇಶದಲ್ಲಿ ಕೂತು ಕೆಲಸ ಮಾಡುವವರ) ವೀಸಾ ಶುರು ಮಾಡಿತು. ಎಸ್ಟೋನಿಯಾ 2014ರಲ್ಲೇ ಇ-ರೆಸಿಡೆನ್ಸಿ ಅನ್ನುವ ಇನ್ನೊಂದು ಯೋಜನೆ ತಂದಿತ್ತು. ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಇ-ರೆಸಿಡೆನ್ಸಿ ಇದ್ದರೆ ಆನ್‌ಲೈನಿನಲ್ಲಿ ಕಂಪನಿ ನಡೆಸಬಹುದು, ಅಷ್ಟೇ. ಅಲ್ಲಿ ಹೋಗಿ ವಾಸ ಮಾಡುವ ಹಕ್ಕು ಅದರಿಂದ ಬರುವುದಿಲ್ಲ.

ಕಂಪನಿಯ ಅನುಮತಿಯನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. 'ಎಲ್ಲಿಂದ ಬೇಕಾದರೂ ಕೆಲಸ ಮಾಡು' ಅಂತ ಮ್ಯಾನೇಜರ್ ಬಾಯಲ್ಲಿ ಹೇಳಿದ್ದು ಸಾಕಾಗುವುದಿಲ್ಲ. ನೀವು ಒಂದು ದೇಶದಲ್ಲಿ ತಿಂಗಳುಗಟ್ಟಲೆ ಕೂತು ಕೆಲಸ ಮಾಡಿದರೆ ಆ ದೇಶದ ತೆರಿಗೆ ಇಲಾಖೆ ನಿಮ್ಮ ಕಂಪನಿಗೇ ಅಲ್ಲೊಂದು ಕಚೇರಿ ಇದೆ ಎಂದು ಪರಿಗಣಿಸುವ ಸಾಧ್ಯತೆ ಇರುತ್ತದೆ. ಕಂಪನಿಗಳು ಹೆದರುವುದು ಇದಕ್ಕೇ. ವಿಪಿಎನ್ ಹಾಕಿಕೊಂಡು ಎಲ್ಲಿದ್ದೀರೆಂದು ಕಂಪನಿಯಿಂದ ಮುಚ್ಚಿಡುವ ದಾರಿ ಬೇಡವೇ ಬೇಡ. ಸಿಕ್ಕಿಬಿದ್ದ ದಿನ ಕೆಲಸವೂ ಹೋಗುತ್ತದೆ, ಆ ಕೆಲಸದ ಮೇಲೆ ನಿಂತ ವೀಸಾವೂ ಹೋಗುತ್ತದೆ.

ಎರಡನೆಯದು ಗಡಿಯಾರ. ನನ್ನ ಪ್ರಕಾರ ಬಾಡಿಗೆಗಿಂತ ಇದು ಮುಖ್ಯ. ನಿಮ್ಮ ತಂಡ ನ್ಯೂಯಾರ್ಕ್‌ನಲ್ಲಿದ್ದು ಅವರ 9ರಿಂದ 5ರವರೆಗೆ ನೀವೂ ಇರಬೇಕು ಅಂದುಕೊಳ್ಳಿ. ಬ್ಯಾಂಕಾಕ್‌ನಲ್ಲಿ ಅದು ಬೇಸಿಗೆಯಲ್ಲಿ ರಾತ್ರಿ 8ರಿಂದ ಬೆಳಗಿನ ಜಾವ 4. ಚಳಿಗಾಲದಲ್ಲಿ ಅಮೆರಿಕದ ಗಡಿಯಾರ ಹಿಂದೆ ಸರಿಯುತ್ತದೆ, ಥಾಯ್ಲೆಂಡಿನದು ಸರಿಯುವುದಿಲ್ಲ. ಆಗ ರಾತ್ರಿ 9ರಿಂದ ಬೆಳಿಗ್ಗೆ 5. ಊರು ಎಷ್ಟೇ ಚೆನ್ನಾಗಿದ್ದರೂ ನೀವು ಮಲಗಿರುವಾಗ ಅದು ಎಚ್ಚರವಾಗಿರುತ್ತದೆ. ಮಾರುಕಟ್ಟೆಗೆ ಹೋಗುವುದು, ಅಕ್ಕಪಕ್ಕದವರ ಪರಿಚಯ, ಭಾಷೆ ಕಲಿಯುವುದು, ಯಾವುದೂ ಆಗುವುದಿಲ್ಲ. ಅದೇ ಕೆಲಸ ಲಿಸ್ಬನ್‌ನಿಂದ ಮಾಡಿದರೆ ಮಧ್ಯಾಹ್ನ 2ರಿಂದ ರಾತ್ರಿ 10. ಬೆಳಗಿನ ಹೊತ್ತೆಲ್ಲ ನಿಮ್ಮದು. ತಂಡ ಲಂಡನ್‌ನಲ್ಲಿದ್ದರೆ ಲಿಸ್ಬನ್‌ನಲ್ಲಿ ವರ್ಷವಿಡೀ ಅದೇ ಸಮಯ. ಬ್ಯಾಂಕಾಕ್‌ನಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ 3ಕ್ಕೆ ಶುರು, ಚಳಿಗಾಲದಲ್ಲಿ 4ಕ್ಕೆ. ಇದೂ ಒಗ್ಗುತ್ತದೆ, ಮುಂಜಾನೆ ಎದ್ದು ತಿರುಗಾಡುವವರಿಗಂತೂ ಹೇಳಿ ಮಾಡಿಸಿದ ಹಾಗೆ. ಯಾವ ಹೊತ್ತಿಗೆ ಅಂತ ನೀವೇ ನಿರ್ಧರಿಸುವ ಕೆಲಸವಾದರೆ ಈ ಲೆಕ್ಕವೇ ಬೇಡ. ಅಂಥ ಕೆಲಸ ಕಡಿಮೆ ಸಂಬಳದ್ದಾದರೂ ಸರಳ ಬದುಕಿಗೆ ಅದೇ ಒಳ್ಳೆಯದು.

ಮೂರನೆಯದು ತೆರಿಗೆ. ಒಂದು ದೇಶದಲ್ಲಿ ವರ್ಷಕ್ಕೆ ಸುಮಾರು ಆರು ತಿಂಗಳು ಇದ್ದರೆ ಅಲ್ಲಿನ ತೆರಿಗೆಯ ನಿವಾಸಿ ಆಗುತ್ತೀರಿ ಅನ್ನುವುದು ಬಹಳ ದೇಶಗಳ ನಿಯಮ. 183 ದಿನ ಅನ್ನುವ ಲೆಕ್ಕ ಎಲ್ಲರೂ ಕೇಳಿರುತ್ತಾರೆ. 183 ದಿನ ತುಂಬುವ ಮುಂಚೆ ಹೊರಟರೆ ಎಲ್ಲೂ ತೆರಿಗೆ ಇಲ್ಲ ಅನ್ನುವುದು ಮಾತ್ರ ತಪ್ಪು ತಿಳಿವಳಿಕೆ. ಬಿಟ್ಟು ಬಂದ ದೇಶ ನಿಮ್ಮನ್ನು ಇನ್ನೂ ತನ್ನ ನಿವಾಸಿ ಎಂದೇ ನೋಡಬಹುದು. ಅಮೆರಿಕ ತನ್ನ ನಾಗರಿಕರು ಎಲ್ಲಿದ್ದರೂ ಲೆಕ್ಕ ಕೇಳುತ್ತದೆ. ಎರಡು ದೇಶಗಳ ನಡುವೆ ತೆರಿಗೆ ಒಪ್ಪಂದ ಇದೆಯಾ ನೋಡಿ, ತಿಳಿದವರಿಗೆ ಒಂದು ಸಲ ದುಡ್ಡು ಕೊಟ್ಟು ಕೇಳಿ. ಆ ಖರ್ಚು ದಂಡವಲ್ಲ.

ಆಮೇಲೆ ಆರೋಗ್ಯ. ಪ್ರವಾಸಿ ವಿಮೆ ಅಪಘಾತಕ್ಕೆ, ತುರ್ತಿಗೆ ಮಾತ್ರ. ಸಕ್ಕರೆ ಕಾಯಿಲೆ, ಬಿಪಿ ಮೊದಲಿನಿಂದ ಇದ್ದರೆ ಅದಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. ವರ್ಷಗಟ್ಟಲೆ ಇರುವವರಿಗೆ ಅಂತರರಾಷ್ಟ್ರೀಯ ಆರೋಗ್ಯ ವಿಮೆ ಬೇಕು. ಇನ್ನು ಇಂಟರ್ನೆಟ್ಟು ಮತ್ತು ಖರ್ಚು. ಇವೆರಡನ್ನೂ ಆಯಾ ದಾರಿಯ ಜೊತೆಗೇ ಹೇಳುತ್ತೇನೆ.

ಯುರೋಪಿನಲ್ಲಿ ನೆಲೆ

ಇಲ್ಲಿ ಮುಖ್ಯವಾಗಿ ಹೋಲಿಸಬೇಕಾದವು ಪೋರ್ಚುಗಲ್ ಮತ್ತು ಸ್ಪೇನ್. ಪೋರ್ಚುಗಲ್‌ನ ಡಿ8 ಅನ್ನುವ ರಿಮೋಟ್ ಕೆಲಸದವರ ವೀಸಾ 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಆ ದೇಶದ ಕನಿಷ್ಠ ವೇತನದ ನಾಲ್ಕು ಪಟ್ಟು ಆದಾಯ ತೋರಿಸಬೇಕು. 2025ರಲ್ಲಿ ಕನಿಷ್ಠ ವೇತನ 870 ಯೂರೋ ಇತ್ತು, ಅಂದರೆ ಆಗಿನ ಮಿತಿ ತಿಂಗಳಿಗೆ 3,480 ಯೂರೋ. ಕನಿಷ್ಠ ವೇತನ ಏರಿದಾಗಲೆಲ್ಲ ಈ ಮಿತಿಯೂ ಏರುತ್ತದೆ. ಸ್ಪೇನ್‌ನ ವೀಸಾ 2022ರ ಸ್ಟಾರ್ಟಪ್ ಕಾನೂನಿನಿಂದ ಬಂದದ್ದು. ಅಲ್ಲಿ ಬೇಕಾದ್ದು ಕನಿಷ್ಠ ವೇತನದ ಎರಡು ಪಟ್ಟು. ಸಂಗಾತಿಗೆ ಕನಿಷ್ಠ ವೇತನದ ಇನ್ನೊಂದು 75 ಶೇಕಡಾ, ಪ್ರತಿ ಮಗುವಿಗೆ 25 ಶೇಕಡಾ ಸೇರಿಸಬೇಕು. ಒಬ್ಬರೇ ದುಡಿಯುವ ಮನೆಗೆ ಸ್ಪೇನ್‌ನ ಮಿತಿ ಕೈಗೆ ಎಟುಕುವಂಥದ್ದು.

ಆದಾಯದ ಮಿತಿ ಕಡಿಮೆ ಅಂತ ಸ್ಪೇನ್ ಸುಲಭ ಅಂದುಕೊಳ್ಳಬೇಡಿ. ಡಿಗ್ರಿ ಅಥವಾ ಮೂರು ವರ್ಷದ ಅನುಭವ ಬೇಕು. ಕಂಪನಿಗೆ ಕನಿಷ್ಠ ಒಂದು ವರ್ಷವಾಗಿರಬೇಕು, ನೀವು ಅಲ್ಲಿ ಮೂರು ತಿಂಗಳಾದರೂ ಕೆಲಸ ಮಾಡಿರಬೇಕು. ಫ್ರೀಲಾನ್ಸರ್ ಆದರೆ ಸ್ಪೇನ್‌ನ ಗಿರಾಕಿಗಳಿಂದ ಬರುವ ಕೆಲಸ 20 ಶೇಕಡಾ ಮೀರಬಾರದು. ಬಹಳ ಅರ್ಜಿಗಳು ಸಿಕ್ಕಿಹಾಕಿಕೊಳ್ಳುವ ಜಾಗ ಸಾಮಾಜಿಕ ಭದ್ರತೆ, ಅಂದರೆ ಪಿಂಚಣಿ, ಚಿಕಿತ್ಸೆ ಮುಂತಾದವಕ್ಕೆ ದುಡಿಯುವವರು ಸರ್ಕಾರಕ್ಕೆ ಕಟ್ಟುವ ಕಂತು. ನಿಮ್ಮ ದೇಶದಿಂದ ಅದರ ಪ್ರಮಾಣಪತ್ರ ತರಬೇಕು, ಇಲ್ಲವಾದರೆ ಅಲ್ಲೇ ನೋಂದಣಿಯಾಗಿ ಕಂತು ಕಟ್ಟಬೇಕು. ಇಷ್ಟು ದಾಟಿದರೆ ಲಾಭವೂ ದೊಡ್ಡದು. ಬೆಕ್‌ಹ್ಯಾಮ್ ಕಾನೂನು ಅಂತ ಜನ ಕರೆಯುವ ವ್ಯವಸ್ಥೆಗೆ ಅರ್ಹರಾದರೆ ಕೆಲಸದ ಆದಾಯಕ್ಕೆ 6 ಲಕ್ಷ ಯೂರೋವರೆಗೆ ಒಂದೇ ದರ, 24 ಶೇಕಡಾ. ಅಲ್ಲಿ ಕೆಲಸ ಶುರುವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಕಡಿಮೆ ಸಂಬಳದವರಿಗೆ ಇದರಿಂದ ಲಾಭವೇ ಆಗದೇ ಇರಬಹುದು, ಯಾಕೆಂದರೆ ಸಾಮಾನ್ಯ ದರದಲ್ಲಿ ಸಿಗುವ ವಿನಾಯಿತಿಗಳು ಇದರಲ್ಲಿ ಇಲ್ಲ. ಪೋರ್ಚುಗಲ್‌ನ ಹಳೆಯ ಎನ್‌ಎಚ್‌ಆರ್ ತೆರಿಗೆ ರಿಯಾಯಿತಿ 2024ರಿಂದ ಹೊಸಬರಿಗೆ ಮುಚ್ಚಿದೆ. ಅದನ್ನೇ ನಂಬಿ ಬರೆದ ಹಳೆಯ ಸಲಹೆಗಳು ಇನ್ನೂ ಓಡಾಡುತ್ತಿವೆ, ಹುಷಾರು.

ಲಿಸ್ಬನ್, ಬಾರ್ಸಿಲೋನಾ ಈಗ ಅಗ್ಗದ ಊರುಗಳಲ್ಲ. ಅಲ್ಲಿಯೇ ಹುಟ್ಟಿ ಬೆಳೆದವರು ಬಾಡಿಗೆ ಕೊಡಲಾಗದೆ ಬೀದಿಗಿಳಿದು ಪ್ರತಿಭಟಿಸಿದ್ದಾರೆ. ಪ್ರವಾಸಿ ಮನೆಗಳ ಪರವಾನಗಿಯನ್ನೇ 2028ರ ನವೆಂಬರ್ ಹೊತ್ತಿಗೆ ಕೊನೆಗೊಳಿಸುವುದಾಗಿ ಬಾರ್ಸಿಲೋನಾ ಹೇಳಿದೆ. ಹೊರಗಿನ ಸಂಬಳ ತಂದು ಅಲ್ಲಿನ ಬಾಡಿಗೆ ಏರಿಸುವುದು ನಮ್ಮಿಂದಲೂ ಆಗುವ ಕೆಲಸವೇ, ಅಲ್ವಾ? ಹಾಗಾಗಿ ಸಣ್ಣ ಊರು ನೋಡಿ, ಸ್ಥಳೀಯರು ಮಾಡುವ ಹಾಗೆ ವರ್ಷದ ಕರಾರು ಮಾಡಿಕೊಳ್ಳಿ, ಭಾಷೆ ಕಲಿಯಿರಿ. ಖರ್ಚೂ ಇಳಿಯುತ್ತದೆ.

ಆಗ್ನೇಯ ಏಷ್ಯಾದಲ್ಲಿ ನೆಲೆ

ಆದಾಯ ಮಧ್ಯಮ, ಉಳಿತಾಯ ಸ್ವಲ್ಪ ಇದೆ ಅನ್ನುವವರಿಗೆ ಥಾಯ್ಲೆಂಡ್ ಬಾಗಿಲು ದೊಡ್ಡದು. 2024ರ ಜುಲೈನಲ್ಲಿ ಬಂದ ಡಿಟಿವಿ ವೀಸಾ ಐದು ವರ್ಷದ್ದು. ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು, ಪ್ರತಿ ಸಲ 180 ದಿನ ಇರಬಹುದು. ತಿಂಗಳ ಸಂಬಳದ ದೊಡ್ಡ ಮಿತಿಯ ಬದಲು 5 ಲಕ್ಷ ಬಾತ್ ಉಳಿತಾಯ ತೋರಿಸಬೇಕು. ಆದಾಯ ಒಂದೇ ಸಮ ಇಲ್ಲದ ಫ್ರೀಲಾನ್ಸರ್‌ಗಳಿಗೆ ಇದು ದೊಡ್ಡ ಅನುಕೂಲ. ಒಂದು ಮಾತು ನೆನಪಿರಲಿ. 2024ರಿಂದ, ವರ್ಷಕ್ಕೆ 180 ದಿನ ಅಥವಾ ಹೆಚ್ಚು ಅಲ್ಲಿದ್ದವರು ಹೊರಗಿನ ಆದಾಯವನ್ನು ಥಾಯ್ಲೆಂಡಿಗೆ ತಂದರೆ ಅದು ತೆರಿಗೆಯ ಲೆಕ್ಕಕ್ಕೆ ಬರುತ್ತದೆ.

ಚಿಯಾಂಗ್ ಮಾಯ್ ಬಗ್ಗೆ ಎಲ್ಲರೂ ಹೊಗಳುತ್ತಾರೆ. ಆದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸುತ್ತಲಿನ ಹೊಲ, ಕಾಡುಗಳಿಗೆ ಇಡುವ ಬೆಂಕಿಯ ಹೊಗೆ ಆ ಕಣಿವೆಯಲ್ಲೇ ಕೂರುತ್ತದೆ. ಬೆಟ್ಟವೇ ಕಾಣದ ದಿನಗಳಿರುತ್ತವೆ. ಮನೆಯೊಳಗೆ ಏರ್ ಪ್ಯೂರಿಫೈಯರ್ ಓಡುತ್ತಲೇ ಇರಬೇಕು. ಉಬ್ಬಸ ಇರುವವರು, ಚಿಕ್ಕ ಮಕ್ಕಳಿರುವವರು ಅಲ್ಲಿ 12 ತಿಂಗಳ ಕರಾರು ಮಾಡಲೇಬಾರದು. ಒಂಬತ್ತು ತಿಂಗಳು ಅಲ್ಲಿ, ಹೊಗೆಯ ಕಾಲದಲ್ಲಿ ದಕ್ಷಿಣದ ಕಡಲಿನ ಕಡೆ, ಹೀಗೆ ಮಾಡುವವರು ಇದ್ದಾರೆ. ಬಜೆಟ್ಟಿನಲ್ಲಿ ಅದನ್ನೂ ಸೇರಿಸಿಕೊಳ್ಳಿ.

ಮಲೇಷ್ಯಾದ ಡಿಇ ರಾಂತಾವ್ ಅನ್ನುವ ವೀಸಾ 2022ರಲ್ಲಿ ಬಂತು. ಡಿಜಿಟಲ್ ಕೆಲಸದವರಿಗೆ ವರ್ಷಕ್ಕೆ 24,000 ಡಾಲರ್ ಆದಾಯ, ಬೇರೆ ಕೆಲಸದವರಿಗೆ 60,000. ಒಂದು ವರ್ಷದವರೆಗೆ ಕೊಟ್ಟು ಇನ್ನೊಂದು ವರ್ಷ ಮುಂದುವರಿಸುತ್ತಾರೆ. ಇಂಗ್ಲಿಷ್ ನಡೆಯುತ್ತದೆ, ಸಂಸಾರ ಕರೆತರಬಹುದು. ಡೆವಲಪರ್, ಡಿಸೈನರ್ ಆಗಿ ಸಂಸಾರದ ಜೊತೆ ಹೋಗುವವರಿಗೆ ನಾನು ಥಾಯ್ಲೆಂಡಿಗಿಂತ ಮೊದಲು ಇದನ್ನೇ ಹೇಳುತ್ತೇನೆ.

ಬಾಲಿಗೆ ಇಂಡೋನೇಷ್ಯಾದ ಇ33ಜಿ ವೀಸಾ ಇದೆ, ಒಂದು ವರ್ಷದ್ದು. ಆದರೆ ಬೇಕಾದ ಆದಾಯ ವರ್ಷಕ್ಕೆ 60,000 ಡಾಲರ್. ಸರಳ ಬದುಕು ಅಂತ ಬಾಲಿಯನ್ನೇ ನೆನೆಯುವವರಲ್ಲಿ ಎಷ್ಟೋ ಜನರಿಗೆ ಈ ಮಿತಿ ಎಟುಕುವುದಿಲ್ಲ. ಇನ್ನೊಂದು ವಿಷಯ. ನ್ಯೇಪಿ ಹಬ್ಬದ ದಿನ ಇಡೀ ದ್ವೀಪ 24 ಗಂಟೆ ಮೌನವಾಗುತ್ತದೆ. ವಿಮಾನ ನಿಲ್ದಾಣ ಮುಚ್ಚುತ್ತದೆ, ಯಾರೂ ಹೊರಗೆ ಬರುವಂತಿಲ್ಲ, ದೀಪ ಉರಿಸುವಂತಿಲ್ಲ. 2018ರಿಂದ ಮೊಬೈಲ್ ಇಂಟರ್ನೆಟ್ಟನ್ನೂ ನಿಲ್ಲಿಸುತ್ತಾರೆ. ಅದು ಅವರ ಪವಿತ್ರ ದಿನ. ಮೊದಲೇ ರಜೆ ಹಾಕಿ, ಅವರ ಜೊತೆ ನೀವೂ ಸುಮ್ನೆ ಕೂರಿ.

ಈ ಮೂರೂ ಕಡೆ ಸ್ಕೂಟರ್ ಓಡಿಸುವ ಆಸೆ ಎಲ್ಲರಿಗೂ ಬರುತ್ತದೆ. ದ್ವಿಚಕ್ರಕ್ಕೆ ಸರಿಯಾದ ಲೈಸೆನ್ಸ್ ಇಲ್ಲದೆ ಬಿದ್ದರೆ ಹೆಚ್ಚಿನ ವಿಮಾ ಕಂಪನಿಗಳು ಆಸ್ಪತ್ರೆಯ ಬಿಲ್ಲು ಕೊಡುವುದಿಲ್ಲ. ಒಂದು ಮುರಿದ ಕಾಲು ಎರಡು ವರ್ಷದ ಉಳಿತಾಯವನ್ನು ತಿಂದುಬಿಡಬಹುದು.

ಊರಿಂದೂರಿಗೆ ಸುತ್ತುವುದು

ಫೋಟೋಗಳಲ್ಲಿ ಎಲ್ಲಕ್ಕಿಂತ ಚೆಂದ ಕಾಣುವುದು ಇದೇ. ಬಹಳ ಜನರಿಗೆ ನಾನು ಬೇಡ ಅನ್ನುವುದೂ ಇದೇ. ಕಾರಣ ಖರ್ಚು. ಪ್ರತಿ ಸಲ ಊರು ಬಿಟ್ಟಾಗ ವಿಮಾನದ ಟಿಕೆಟ್ಟು, ಹೊಸ ಸಿಮ್, ಹೊಸ ಅಡ್ವಾನ್ಸು, ಮೊದಲ ವಾರದ ದುಬಾರಿ ಕೋಣೆ, ಮತ್ತೆ ಎಣ್ಣೆ, ಉಪ್ಪು, ಸೋಪು. ಮನೆ ಸಿಗುವವರೆಗೆ ಹೊರಗಿನ ಊಟ. ಒಂದು ತಿಂಗಳಿಗಿಂತ ಹೆಚ್ಚು ಇರುವವರಿಗೆ ಬಾಡಿಗೆ ಇಳಿಯುತ್ತದೆ, ವರ್ಷದ ಕರಾರಿಗೆ ಇನ್ನೂ ಇಳಿಯುತ್ತದೆ. ಹಾಗಾಗಿ ದುಬಾರಿ ದೇಶದ ಸಣ್ಣ ಊರಿನಲ್ಲಿ ವರ್ಷಪೂರ್ತಿ ಇರುವವರು ಅಗ್ಗದ ದೇಶಗಳನ್ನು ತಿಂಗಳಿಗೊಂದರಂತೆ ಸುತ್ತುವವರಿಗಿಂತ ಕಡಿಮೆ ಖರ್ಚಿನಲ್ಲಿ ಬದುಕಬಹುದು. ಸರಳ ಬದುಕಿನ ಉಳಿತಾಯ ಬರುವುದು ನಿಧಾನದಿಂದ.

ವೀಸಾ ಲೆಕ್ಕವೂ ತಲೆ ತಿನ್ನುತ್ತದೆ. ಷೆಂಗೆನ್ ದೇಶಗಳಲ್ಲಿ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿನಲ್ಲಿ, ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ, ಅದೂ ಎಲ್ಲ ದೇಶ ಸೇರಿ. ಪ್ಯಾರಿಸ್‌ನಲ್ಲಿ 90 ಮುಗಿಸಿ ರೋಮ್‌ಗೆ ಹೋಗಿ ಹೊಸದಾಗಿ ಎಣಿಸುವಂತಿಲ್ಲ. ಜಪಾನ್ 2024ರಲ್ಲಿ ತಂದ ವೀಸಾ ಆರು ತಿಂಗಳದ್ದು, ಮುಂದುವರಿಸುವಂತಿಲ್ಲ. ವರ್ಷಕ್ಕೆ 1 ಕೋಟಿ ಯೆನ್ ಆದಾಯ ಬೇಕು, ಆಯ್ದ ದೇಶಗಳ ಪಾಸ್‌ಪೋರ್ಟ್ ಇದ್ದವರಿಗೆ ಮಾತ್ರ. ಇಂಥ ಕಡೆ ಪಾಸ್‌ಪೋರ್ಟೇ ನಿರ್ಧಾರ ಮಾಡಿಬಿಡುತ್ತದೆ. ಒಬ್ಬರು ಟಿಕೆಟ್ ತೆಗೆದು ಹೊರಡುವ ಜಾಗಕ್ಕೆ ಇನ್ನೊಬ್ಬರು ಎರಡು ತಿಂಗಳು ಕಾಗದ ಜೋಡಿಸಬೇಕು. ಬೇರೆಯವರ ಅನುಭವ ಓದುವಾಗ ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಮೊದಲು ನೋಡಿ.

ಹಾಗಾದರೆ ಇದು ಯಾರಿಗೆ? ಎಲ್ಲಿ ನೆಲೆಸಬೇಕು ಅಂತ ಇನ್ನೂ ಗೊತ್ತಿಲ್ಲದವರಿಗೆ, ಒಂದು ವರ್ಷದ ಮಟ್ಟಿಗೆ. ಮೂರು ಅಥವಾ ನಾಲ್ಕು ಊರು, ತಲಾ ಮೂರು ತಿಂಗಳು. ಅಷ್ಟು ಹೊತ್ತಿಗೆ ಉತ್ತರ ಸಿಕ್ಕಿರುತ್ತದೆ.

ಹಳ್ಳಿ ಮತ್ತು ತೋಟ

ಲ್ಯಾಪ್‌ಟಾಪ್ ಮುಚ್ಚಿ ಮಣ್ಣು ಮುಟ್ಟುವ ಆಸೆ ಇದ್ದವರು ವೂಫ್ ಹೆಸರು ಕೇಳಿರುತ್ತೀರಿ. 1971ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಸಾವಯವ ತೋಟದಲ್ಲಿ ದಿನಕ್ಕೆ ನಾಲ್ಕರಿಂದ ಆರು ಗಂಟೆ ಕೆಲಸ, ಬದಲಿಗೆ ಊಟ ಮತ್ತು ಮಲಗಲು ಜಾಗ. ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಕಾಣೆ. ಆದರೆ ಎಂಟು ಗಂಟೆಯ ಆಫೀಸ್ ಕೆಲಸದ ಮೇಲೆ ಇದನ್ನು ಹೊರಲು ಆಗುವುದಿಲ್ಲ. ಎರಡನೇ ವಾರಕ್ಕೆ ಎರಡೂ ಕಡೆ ಬಯ್ಯಿಸಿಕೊಳ್ಳುತ್ತೀರಿ. ರಜೆಯಲ್ಲಿ, ಅಥವಾ ಎರಡು ಕೆಲಸಗಳ ನಡುವಿನ ಬಿಡುವಿನಲ್ಲಿ ಮಾಡಿ. ಸಂಬಳ ಇಲ್ಲದಿದ್ದರೂ ಕೆಲವು ದೇಶಗಳು ಇದನ್ನು ಕೆಲಸ ಎಂದೇ ಎಣಿಸುತ್ತವೆ, ಪ್ರವಾಸಿ ವೀಸಾದಲ್ಲಿ ಹೋಗುವ ಮುಂಚೆ ಕೇಳಿಕೊಳ್ಳಿ.

ಹಳ್ಳಿಯಲ್ಲಿ ಮನೆ ಬಾಡಿಗೆಗೆ ಹಿಡಿದು ಕೆಲಸ ಮುಂದುವರಿಸುವುದು ಬೇರೆ ಮಾತು, ಇದು ಆಗುವಂಥದ್ದು. ಪೋರ್ಚುಗಲ್‌ಗೆ ಸೇರಿದ ಮಡೈರಾ ದ್ವೀಪದ ಪೊಂತಾ ದೊ ಸೋಲ್ ಎಂಬ ಸಣ್ಣ ಊರು 2021ರಲ್ಲಿ ಇಂಥವರಿಗೆಂದೇ ಕೆಲಸದ ಜಾಗ ಮಾಡಿಕೊಟ್ಟಿತು. ಅಂಥ ಊರಾದರೆ ಒಂಟಿತನವೂ ಕಡಿಮೆ. ನೀವೇ ಹುಡುಕಿಕೊಂಡ ಹಳ್ಳಿಯಾದರೆ ಮನೆ ಒಪ್ಪುವ ಮುಂಚೆ ಮಾಲೀಕರಿಂದ ಸ್ಪೀಡ್ ಟೆಸ್ಟ್ ಮಾಡಿಸಿ ಚಿತ್ರ ತರಿಸಿಕೊಳ್ಳಿ. ಎಲ್ಲರೂ ವಿಡಿಯೋ ನೋಡುವ ರಾತ್ರಿ 8 ಗಂಟೆಯಲ್ಲಿ, ನೀವು ಕೂರುವ ಕೋಣೆಯಲ್ಲೇ ಮಾಡಿಸಬೇಕು. ಡೌನ್‌ಲೋಡ್ ನೋಡಿ ಖುಷಿಪಡಬೇಡಿ, ಮೀಟಿಂಗಿನಲ್ಲಿ ನಿಮ್ಮ ಮುಖ, ದನಿ ಹೋಗುವುದು ಅಪ್‌ಲೋಡಿನಲ್ಲಿ. ಉಪಗ್ರಹದ ಇಂಟರ್ನೆಟ್ ಅಂದರೆ ಯಾವ ಉಪಗ್ರಹ ಅಂತ ಕೇಳಿ. ಹಳೆಯ ಬಗೆಯದು ಸುಮಾರು 36,000 ಕಿಲೋಮೀಟರ್ ಮೇಲಿರುತ್ತದೆ, ಮಾತು ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿಗೂ ಜಾಸ್ತಿ ಹಿಡಿಯುತ್ತದೆ, ಒಬ್ಬರ ಮೇಲೊಬ್ಬರು ಮಾತಾಡಿದಂತಾಗುತ್ತದೆ. ಸ್ಟಾರ್‌ಲಿಂಕ್‌ನಂಥವು ಕೆಲವೇ ನೂರು ಕಿಲೋಮೀಟರ್ ಎತ್ತರದಲ್ಲಿ ಓಡುವುದರಿಂದ ಆ ತೊಂದರೆ ಇಲ್ಲ. ಕರೆಂಟು ಹೋದರೆ ಎಷ್ಟು ಹೊತ್ತು ಹೋಗುತ್ತದೆ, ಹತ್ತಿರದ ಆಸ್ಪತ್ರೆ ಎಷ್ಟು ದೂರ, ಕಾರಿಲ್ಲದೆ ಅಂಗಡಿಗೆ ಹೋಗಬಹುದಾ, ಇದನ್ನೂ ಕೇಳಿ. ಕಾರು ಬೇಕೇ ಬೇಕು ಅಂತಾದರೆ ಹಳ್ಳಿಯ ಅಗ್ಗದ ಬಾಡಿಗೆಯ ಲಾಭ ಅಲ್ಲೇ ಹೋಯಿತು.

ಯಾರಿಗೆ ಯಾವುದು

ಅಮೆರಿಕದ ಸಮಯಕ್ಕೆ ಕೆಲಸ ಮಾಡಬೇಕಾದವರು ಏಷ್ಯಾವನ್ನು ಪಟ್ಟಿಯಿಂದ ತೆಗೆದುಬಿಡಿ, ಎಷ್ಟೇ ಅಗ್ಗ ಇರಲಿ. ಸ್ಪೇನ್, ಪೋರ್ಚುಗಲ್‌ನ ಆದಾಯ ಮಿತಿ ಮುಟ್ಟಿದರೆ ಅಲ್ಲಿನ ಸಣ್ಣ ಊರು ನೋಡಿ. ಸಮಯದ ಕಟ್ಟಿಲ್ಲದ, ಒಬ್ಬರೇ ಇರುವ, ಆದಾಯ ಏರಿಳಿಯುವ ಫ್ರೀಲಾನ್ಸರ್‌ಗೆ ಡಿಟಿವಿ ಸರಿಹೊಂದುತ್ತದೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಲೆಕ್ಕವೇ ತಿರುಗುತ್ತದೆ. ಏಷ್ಯಾದಲ್ಲಿ ಬಾಡಿಗೆಯಲ್ಲಿ ಉಳಿಸಿದ್ದನ್ನು ಇಂಟರ್‌ನ್ಯಾಷನಲ್ ಶಾಲೆಯ ಶುಲ್ಕ ನುಂಗುತ್ತದೆ. ಸ್ಪೇನ್, ಪೋರ್ಚುಗಲ್‌ನಲ್ಲಿ ವಾಸದ ಪರವಾನಗಿ ಇದ್ದರೆ ಮಕ್ಕಳು ಸರ್ಕಾರಿ ಶಾಲೆಗೆ ಹೋಗಬಹುದು, ಭಾಷೆಯನ್ನೂ ಬೇಗ ಕಲಿಯುತ್ತಾರೆ. ಮೇಲಿಂದ ಮೇಲೆ ಡಾಕ್ಟರನ್ನು ನೋಡಬೇಕಾದವರು ಹಳ್ಳಿ ಬಿಟ್ಟು ದೊಡ್ಡ ಆಸ್ಪತ್ರೆ ಇರುವ ಮಧ್ಯಮ ಊರನ್ನೇ ಆರಿಸಿ.

ಉಳಿತಾಯ ಬಹಳ ಕಡಿಮೆ ಇದ್ದರೆ ಈ ವರ್ಷ ಹೊರಡಬೇಡಿ. ವಾಪಸ್ ಟಿಕೆಟ್ಟು ಮತ್ತು ಆರು ತಿಂಗಳ ಖರ್ಚು ಕೈಯಲ್ಲಿರಲಿ, ಯಾಕೆಂದರೆ ಕೆಲಸ ಹೋದರೆ ಬಹಳ ವೀಸಾಗಳ ಆಧಾರವೇ ಹೋಗುತ್ತದೆ. ಅಷ್ಟು ಕೂಡಿಸುವವರೆಗೆ ಇರುವ ಊರಿನಲ್ಲೇ ಸಾಮಾನು ಇಳಿಸಿ, ಕಂತು ತೀರಿಸಿ, ಸಣ್ಣ ಮನೆಗೆ ಹೋಗಿ. ವಿದೇಶದಲ್ಲಿ ಹುಡುಕುತ್ತಿದ್ದ ಹಗುರತನ ಅಲ್ಲೇ ಸಿಕ್ಕಿದರೆ ಅದೂ ಒಳ್ಳೆಯ ಉತ್ತರವೇ.

ಹೊರಡುವುದು ಗಟ್ಟಿಯಾದರೆ ಕಾಗದದ ಕೆಲಸ ಕಂಪನಿಯ ಪತ್ರದಿಂದ ಶುರು ಮಾಡಿ. ನಿಮ್ಮ ಹುದ್ದೆ, ಸಂಬಳ, ಆ ದೇಶದಿಂದ ಕೆಲಸ ಮಾಡಲು ಒಪ್ಪಿಗೆ, ಮೂರೂ ಅದರಲ್ಲಿರಬೇಕು. ಆಮೇಲೆ ಬ್ಯಾಂಕ್ ಸ್ಟೇಟ್‌ಮೆಂಟು, ಪೊಲೀಸ್ ಪ್ರಮಾಣಪತ್ರ, ವಿಮೆ. ಪೊಲೀಸ್ ಪ್ರಮಾಣಪತ್ರಕ್ಕೆ ಅಪೋಸ್ಟಿಲ್ ಮುದ್ರೆ (ಕಾಗದ ಬೇರೆ ದೇಶದಲ್ಲೂ ನಡೆಯುವಂತೆ ನಿಮ್ಮ ಸರ್ಕಾರ ಹಾಕುವ ಮುದ್ರೆ) ಬೇಕಾದರೆ ಅದಕ್ಕೇ ವಾರಗಳು ಹಿಡಿಯುತ್ತವೆ, ಮತ್ತೆ ಆ ಪ್ರಮಾಣಪತ್ರ ತುಂಬಾ ಹಳೆಯದಾದರೆ ವೀಸಾ ಕಚೇರಿ ಒಪ್ಪುವುದಿಲ್ಲ. ಎಲ್ಲಕ್ಕಿಂತ ಮೊದಲು ತಂದಿಟ್ಟುಕೊಳ್ಳಬೇಡಿ, ಕೊನೆಗೂ ಬಿಡಬೇಡಿ. ವೀಸಾ ಕೈಗೆ ಬರುವವರೆಗೆ ಈಗಿರುವ ಮನೆ ಖಾಲಿ ಮಾಡುತ್ತೇವೆಂದು ಮಾಲೀಕರಿಗೆ ಹೇಳಲೂ ಬೇಡಿ.